ಕಾರ್ನಿಯಾದ ಗಾಯ: ಯಾವ ಸುದ್ದಿ ಎಲ್ಲಿಗೆ ಮುಟ್ಟಬಾರದು

ನಿನ್ನ ಕೆಲಸ ಏನು ಅಂತ ಯಾರಾದರೂ ಕೇಳಿದರೆ, "ಕಣ್ಣಿನ ಕೋಶಗಳಿಗೆ ಗೀರು ಹಾಕಿ, ಅದು ಹೇಗೆ ಮುಚ್ಚಿಕೊಳ್ಳುತ್ತದೆ ಅಂತ ನೋಡುತ್ತಾ ಕೂರುವುದು" ಅನ್ನುತ್ತೇನೆ. ಕೇಳಿದವರ ಮುಖ ಹುಳ್ಳಗಾಗುತ್ತದೆ. ಹಾಗಾಗಿ ತಕ್ಷಣ ಸೇರಿಸುತ್ತೇನೆ: ಯಾರ ಕಣ್ಣಿಗೂ ಅಲ್ಲಪ್ಪಾ, ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಗೆ.

ಗೀರುವುದಕ್ಕೆ ದೊಡ್ಡ ಸಲಕರಣೆ ಏನೂ ಬೇಡ. ಪಿಪೆಟ್ಟಿನ ಹಳದಿ ಪ್ಲಾಸ್ಟಿಕ್ ಮೂತಿ ಸಾಕು. ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಹೊದಿಕೆಯ, ಮೇಲ್ಪದರದ ಕೋಶಗಳು ತಟ್ಟೆಯ ತಳದಲ್ಲಿ ಒತ್ತೊತ್ತಾಗಿ ಬೆಳೆದು ಒಂದೇ ಹಾಳೆಯಾದ ಮೇಲೆ, ಆ ಮೂತಿಯಿಂದ ನೇರವಾಗಿ ಒಂದು ಗೆರೆ ಎಳೆದರೆ ಆಯಿತು. ತಟ್ಟೆಯ ಅಡಿಗೆ ಮೊದಲೇ ಮಾರ್ಕರಿನಲ್ಲಿ ಗುರುತು ಹಾಕಿಟ್ಟಿರಬೇಕು, ಇಲ್ಲದಿದ್ದರೆ ಮರುದಿನ ಅದೇ ಜಾಗ ಹುಡುಕುವುದೇ ಒಂದು ಕೆಲಸ. ಕೈ ಸ್ವಲ್ಪ ನಡುಗಿದರೂ ಅಂಚು ಅಂಕುಡೊಂಕಾಗಿ ಅಳತೆ ಕೆಡುತ್ತದೆ. ಆಮೇಲೆ 37 ಡಿಗ್ರಿ ಶಾಖದಲ್ಲಿಟ್ಟು, ಹತ್ತು ನಿಮಿಷಕ್ಕೊಂದು ಫೋಟೋ ತೆಗೆಯುವ ಹಾಗೆ ಕ್ಯಾಮೆರಾ ಹೊಂದಿಸಿ ಬಿಡುವುದು.

ಇದರಲ್ಲಿ ನನಗೆ ಎಷ್ಟು ಸಲ ನೋಡಿದರೂ ಬೇಜಾರಾಗದ್ದು ಮೊದಲ ಒಂದೆರಡು ನಿಮಿಷ. ಕ್ಯಾಲ್ಸಿಯಂ ಏರಿದರೆ ಹೊಳೆಯುವಂಥ ಒಂದು ಬಣ್ಣವಿದೆ. ಅದನ್ನು ಕೋಶಗಳೊಳಗೆ ಸೇರಿಸಿಟ್ಟು, ಸೂಕ್ಷ್ಮದರ್ಶಕದಡಿಯಲ್ಲೇ ಗೀರಿದರೆ, ಅಂಚಿನ ಕೋಶಗಳು ಆ ಕ್ಷಣವೇ ಬೆಳಗುತ್ತವೆ. ಮರುಗಳಿಗೆ ಅವುಗಳ ಹಿಂದಿನ ಸಾಲು. ಆಮೇಲೆ ಅದರ ಹಿಂದಿನದು. ಏಟು ಬಿದ್ದದ್ದು ಅಂಚಿನ ಕೋಶಗಳಿಗೆ ಮಾತ್ರ, ಆದರೆ ಹತ್ತಾರು ಸಾಲು ದೂರದ ಕೋಶಕ್ಕೂ ಏನೋ ಆಗಿದೆ ಅಂತ ಗೊತ್ತಾಗಿಬಿಡುತ್ತದೆ. ಸ್ವಲ್ಪ ಹೊತ್ತಿಗೆ ಎಲ್ಲವೂ ಮತ್ತೆ ಮಂಕಾಗುತ್ತವೆ.

ಆ ಸುದ್ದಿ ಹೋಗುವುದು ಹೇಗೆ? ಪಕ್ಕಪಕ್ಕದ ಕೋಶಗಳ ನಡುವೆ ಸಣ್ಣ ಸಣ್ಣ ನಾಳಗಳಿರುತ್ತವೆ, ಅದರೊಳಗಿಂದಲೇ ಹೋಗುತ್ತದೆ ಅಂತ ಯಾರಿಗಾದರೂ ಮೊದಲು ಅನ್ನಿಸುತ್ತದೆ. ಆದರೆ ಒಂದು ಸುಲಭದ ಪ್ರಯೋಗ ಬೇರೆ ಕಥೆ ಹೇಳುತ್ತದೆ. ಗೀರು ಹಾಕಿದ ತಟ್ಟೆಯಿಂದ ದ್ರವ ತೆಗೆದು, ಗೀರೇ ಇಲ್ಲದ ಇನ್ನೊಂದು ತಟ್ಟೆಗೆ ಸುರಿದರೆ, ಅಲ್ಲಿನ ಕೋಶಗಳಲ್ಲೂ ಕ್ಯಾಲ್ಸಿಯಂ ಏರುತ್ತದೆ. ಅಂದರೆ ಸುದ್ದಿ ಇರುವುದು ದ್ರವದಲ್ಲಿ. ಅದು ಮುಖ್ಯವಾಗಿ ಎಟಿಪಿ. ಶಾಲೆಯಲ್ಲಿ ನಾವು ಕೋಶದ ಇಂಧನ ಅಂತ ಓದಿದ್ದೆವಲ್ಲ, ಅದೇ. ಕೋಶದ ಒಳಗಿದ್ದರೆ ಇಂಧನ, ಒಡೆದ ಕೋಶದಿಂದ ಹೊರಗೆ ಚೆಲ್ಲಿದರೆ ಅಪಾಯದ ಗಂಟೆ. ಪಕ್ಕದ ಕೋಶಗಳ ಮೈಮೇಲೆ ಎಟಿಪಿಯನ್ನು ಗುರುತಿಸುವ ಗ್ರಾಹಕಗಳಿವೆ. ಎಟಿಪಿಯನ್ನು ಒಡೆದುಹಾಕುವ ಅಪೈರೇಸ್ ಅನ್ನುವ ಕಿಣ್ವವನ್ನು ಮೊದಲೇ ತಟ್ಟೆಗೆ ಹಾಕಿಟ್ಟು ಗೀರಿ ನೋಡಿ, ಆ ಬೆಳಕಿನ ಅಲೆ ಏಳುವುದೇ ಇಲ್ಲ.

ಇದರ ಮುಂದಿನ ಹೆಜ್ಜೆ ಇನ್ನೂ ಸ್ವಾರಸ್ಯದ್ದು. ಎಟಿಪಿಯ ಸುದ್ದಿ ಮುಟ್ಟಿದ ಕೋಶ, ತನ್ನ ಮೈಮೇಲೆ ಅಂಟಿಕೊಂಡಿದ್ದ ಒಂದು ಪ್ರೋಟೀನಿನ ತುದಿಯನ್ನು ಕತ್ತರಿಸಿ ಬಿಡುತ್ತದೆ. ಕತ್ತರಿಸುವುದಕ್ಕೂ ಅದರ ಹತ್ತಿರ ಕಿಣ್ವಗಳಿವೆ. ಹಾಗೆ ಬಿಡುಗಡೆಯಾದ ತುಣುಕು ಅದೇ ಕೋಶದ, ಇಲ್ಲವೇ ಪಕ್ಕದ ಕೋಶದ ಮೇಲಿರುವ ಇಜಿಎಫ್ ಅನ್ನುವ, ಕೋಶ ಬೆಳೆಸುವ ಪ್ರೋಟೀನಿನ ಗ್ರಾಹಕಕ್ಕೆ ಹೋಗಿ ಕೂರುತ್ತದೆ. ಅಲ್ಲಿಂದ ಒಳಗೆ ಎರಡು ಮುಖ್ಯ ದಾರಿಗಳು ತೆರೆದುಕೊಳ್ಳುತ್ತವೆ. ಒಂದರ ಕೊನೆಯಲ್ಲಿ ಇಆರ್‌ಕೆ, ಇನ್ನೊಂದರ ಕೊನೆಯಲ್ಲಿ ಎಕೆಟಿ, ಎರಡೂ ಕೋಶದೊಳಗೆ ಸುದ್ದಿ ದಾಟಿಸುವ ಪ್ರೋಟೀನುಗಳು. ಎರಡೂ ಸೇರಿ ಕೋಶಕ್ಕೆ ಹೇಳುವುದು ಒಂದೇ: ಸಾಯಬೇಡ, ಏಳು, ಹೊರಡು. ಪಠ್ಯಪುಸ್ತಕದಲ್ಲಿ ಇದನ್ನೆಲ್ಲ ಬಾಣ ಹಾಕಿ ಬರೆದಿರುತ್ತಾರೆ, ಒಂದು ಬಾಣದ ಬಾಲಕ್ಕೆ ಇನ್ನೊಂದರ ಮೂತಿ. ಅದನ್ನು ನೋಡಿದರೆ ಎಲ್ಲವೂ ಸಾಲಾಗಿ ನಡೆಯುತ್ತದೆ ಅನ್ನಿಸುತ್ತದೆ. ನಿಜದಲ್ಲಿ ಎಲ್ಲವೂ ಒಟ್ಟೊಟ್ಟಿಗೆ, ಒಂದರ ಮೇಲೊಂದು, ಗಲಾಟೆಯೋ ಗಲಾಟೆ.

ಈ ಇಜಿಎಫ್ ಮೊದಲು ಸಿಕ್ಕಿದ್ದು ಕಣ್ಣಿನಲ್ಲಿ ಅಲ್ಲ. ಸ್ಟ್ಯಾನ್ಲಿ ಕೋಹೆನ್ ಅನ್ನುವ ವಿಜ್ಞಾನಿ ಇಲಿಯ ಜೊಲ್ಲಿನ ಗ್ರಂಥಿಯ ಸಾರವನ್ನು ಇಲಿಮರಿಗಳಿಗೆ ಚುಚ್ಚುತ್ತಿದ್ದರು. ಅವರು ಹುಡುಕುತ್ತಿದ್ದದ್ದು ನರ ಬೆಳೆಸುವ ಇನ್ನೊಂದು ಪ್ರೋಟೀನನ್ನು. ಆದರೆ ಸಾಮಾನ್ಯವಾಗಿ ಹುಟ್ಟಿ ಸುಮಾರು 12ರಿಂದ 14 ದಿನಕ್ಕೆ ಕಣ್ಣು ಬಿಡುವ ಮರಿಗಳು, ಈ ಸಾರ ಚುಚ್ಚಿದಾಗ ಒಂದು ವಾರಕ್ಕೇ ಕಣ್ಣು ಬಿಟ್ಟವು. ಹಲ್ಲೂ ಬೇಗ ಬಂದವು. ಬೇರೆ ಯಾರಾದರೂ ಆಗಿದ್ದರೆ ಅದನ್ನು ಅಡ್ಡಪರಿಣಾಮ ಅಂತ ಬರೆದು ಮುಂದೆ ಹೋಗುತ್ತಿದ್ದರೇನೋ. ಕೋಹೆನ್ ಅದರ ಬೆನ್ನು ಹತ್ತಿದರು. 1962ರಲ್ಲಿ ಆ ಪ್ರೋಟೀನನ್ನು ಬೇರ್ಪಡಿಸಿ ಪ್ರಕಟಿಸಿದರು. 1973ರಲ್ಲಿ ಅದು ಕಾರ್ನಿಯಾದ ಮೇಲ್ಪದರವನ್ನೂ ಬೆಳೆಸುತ್ತದೆ ಅಂತ ತೋರಿಸಿದರು. 1986ರಲ್ಲಿ, ನರ ಬೆಳೆಸುವ ಆ ಪ್ರೋಟೀನನ್ನು ಕಂಡುಹಿಡಿದ ರೀಟಾ ಲೆವಿ-ಮೊಂಟಾಲ್ಚಿನಿ ಅವರ ಜೊತೆ ನೊಬೆಲ್ ಬಂತು. ನಮ್ಮ ಕಣ್ಣೀರಿನಲ್ಲೂ ಇಜಿಎಫ್ ಸದಾ ಇರುತ್ತದೆ, ಕಣ್ಣೀರಿನ ಗ್ರಂಥಿಯೇ ಅದನ್ನು ಸುರಿಸುತ್ತದೆ. ಕಾರ್ನಿಯಾಕ್ಕೆ ರಕ್ತನಾಳ ಇಲ್ಲ ನೋಡಿ. ಚರ್ಮಕ್ಕೆ ಗಾಯವಾದರೆ ರಕ್ತ ತಂದು ಕೊಡುವುದನ್ನು ಇಲ್ಲಿ ಬಹುಪಾಲು ಕಣ್ಣೀರೇ ತರಬೇಕು.

ಈ ಗ್ರಾಹಕ ಕಣ್ಣಿಗೆ ಎಷ್ಟು ಬೇಕು ಅನ್ನುವುದು ಕ್ಯಾನ್ಸರ್ ವಾರ್ಡುಗಳಲ್ಲಿ ಗೊತ್ತಾಗುತ್ತದೆ. ಕೆಲವು ಕ್ಯಾನ್ಸರ್‌ಗಳಿಗೆ ಇಜಿಎಫ್ ಗ್ರಾಹಕವನ್ನೇ ತಡೆಯುವ ಔಷಧ ಕೊಡುತ್ತಾರೆ, ಸೆಟುಕ್ಸಿಮ್ಯಾಬ್, ಎರ್ಲೊಟಿನಿಬ್ ಥರದವು. ಅವನ್ನು ತೆಗೆದುಕೊಳ್ಳುವ ಕೆಲವರಿಗೆ ಕಾರ್ನಿಯಾದ ಸಣ್ಣ ಗಾಯವೂ ಮಾಯದೆ ಹಾಗೇ ಉಳಿಯುತ್ತದೆ. ರೆಪ್ಪೆಗೂದಲು ಮಾತ್ರ ಉದ್ದುದ್ದ ಬೆಳೆಯುತ್ತದೆ. ದೇಹ ಯಾವಾಗಲೂ ನಾವು ಅಂದುಕೊಂಡ ಲೆಕ್ಕದಲ್ಲಿ ನಡೆಯುವುದಿಲ್ಲ.

ಸರಿ, ಹೊರಡು ಅಂತ ಹೇಳಿದ್ದಾಯಿತು. ಹೊರಡುತ್ತವೆಯೇ? ಇಲ್ಲ. ಹೊಸದಾಗಿ ನೋಡುವವರಿಗೆ ಇಲ್ಲೇ ತಾಳ್ಮೆ ಕೆಡುವುದು. ನಿಜವಾದ ಕಾರ್ನಿಯಾದಲ್ಲಿ ಮೊದಲ 4ರಿಂದ 6 ಗಂಟೆ ಗಾಯದ ಅಳತೆ ಹೆಚ್ಚುಕಮ್ಮಿ ಹಾಗೇ ಇರುತ್ತದೆ. ಆದರೆ ಕೋಶಗಳು ಸುಮ್ನೆ ಕೂತಿರುವುದಿಲ್ಲ. ಕಾರ್ನಿಯಾದ ಮೇಲ್ಪದರದಲ್ಲಿ ಐದರಿಂದ ಏಳು ಸಾಲು ಕೋಶಗಳಿವೆ, ಎಲ್ಲ ಸೇರಿ ಸುಮಾರು 50 ಮೈಕ್ರಾನ್ ದಪ್ಪ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್). ಅದರ ತಳದ ಸಾಲು, ಕೆಳಗಿನ ತಳಪೊರೆಗೆ ಹೆಮಿಡೆಸ್ಮೋಸೋಮ್ ಅನ್ನುವ ಸೂಕ್ಷ್ಮ ಕೊಂಡಿಗಳಿಂದ ಬಿಗಿದುಕೊಂಡಿರುತ್ತದೆ. ಆ ಕೊಂಡಿ ಕಳಚದೆ ಹೆಜ್ಜೆ ಇಡುವ ಹಾಗಿಲ್ಲ. ಹಾಗಾಗಿ ಮೊದಲು ಅಂಚಿನ ಕೋಶಗಳು ಕೊಂಡಿ ಕಳಚುತ್ತವೆ. ಸತ್ತ ಕೋಶಗಳು ಉದುರಿ ಅಂಚು ಚೊಕ್ಕಟವಾಗುತ್ತದೆ. ಬರಿದಾದ ಜಾಗದ ಮೇಲೆ ಫೈಬ್ರೊನೆಕ್ಟಿನ್ ಅನ್ನುವ ಪ್ರೋಟೀನ್ ಹರಡುತ್ತದೆ, ಕಾಲೂರಲು ನೆಲ ಬೇಕಲ್ಲ. ಅದನ್ನು ಹಿಡಿದುಕೊಳ್ಳುವ ಇಂಟಿಗ್ರಿನ್ ಅನ್ನುವ ಹೊಸ ಪ್ರೋಟೀನುಗಳನ್ನು ಕೋಶಗಳು ಮೈಮೇಲೆ ತಂದುಕೊಳ್ಳುತ್ತವೆ.

ಆಮೇಲೆ ಹೊರಡುತ್ತವೆ ನೋಡಿ. ಗಂಟೆಗೆ 60ರಿಂದ 80 ಮೈಕ್ರಾನ್. ಅಂಚಿನ ಕೋಶ ತೆಳ್ಳಗೆ ಚಪ್ಪಟೆಯಾಗಿ ಮುಂದಕ್ಕೆ ಒಂದು ಪೊರೆ ಚಾಚುತ್ತದೆ, ಊರುತ್ತದೆ, ಮೈಯನ್ನು ಎಳೆದುಕೊಳ್ಳುತ್ತದೆ. ಪಕ್ಕದವರ ಕೈ ಬಿಡುವುದಿಲ್ಲ. ಹಾಗಾಗಿ ಇಡೀ ಹಾಳೆಯೇ ಜಾರಿಕೊಂಡು ಬರುತ್ತದೆ. ಲೆಕ್ಕ ಹಾಕಿ: 3 ಮಿಲಿಮೀಟರ್ ಅಗಲದ ದುಂಡು ಗಾಯ ಅಂದರೆ, ಪ್ರತಿ ಬದಿಯಿಂದ ನಡುವಿಗೆ ಒಂದೂವರೆ ಮಿಲಿಮೀಟರ್. ಗಂಟೆಗೆ 60 ಮೈಕ್ರಾನ್ ಅಂದರೆ 25 ಗಂಟೆ. ಮೊದಲಿನ ತಯಾರಿಯ ಹೊತ್ತು ಸೇರಿಸಿದರೂ ಒಂದೂಕಾಲು ದಿನ. ಸಣ್ಣ ಗೀರು ಒಂದೆರಡು ದಿನದಲ್ಲಿ ಮುಚ್ಚಿಕೊಳ್ಳುತ್ತದೆ ಅಂತ ಡಾಕ್ಟರು ಹೇಳುವುದು ಬಾಯಿಮಾತಿಗಲ್ಲ.

ಹೊಸ ಕೋಶ ಹುಟ್ಟಿ ಗಾಯ ತುಂಬುತ್ತದೆ ಅಂತ ಬಹಳ ಜನ ತಿಳಿದಿರುತ್ತಾರೆ. ಕಾರ್ನಿಯಾದಲ್ಲಿ ಮೊದಲ ಮುಚ್ಚಿಗೆಗೆ ಅದು ಬೇಕಾಗಿಲ್ಲ. ಮೈಟೋಮೈಸಿನ್ ಸಿ ಹಾಕಿ ಕೋಶ ವಿಭಜನೆಯನ್ನೇ ನಿಲ್ಲಿಸಿದರೂ ನನ್ನ ತಟ್ಟೆಯ ಗೀರು ಮುಚ್ಚುತ್ತದೆ. ಇರುವವರೇ ಅಗಲವಾಗಿ, ಜಾರಿ, ಜಾಗ ತುಂಬುತ್ತಾರೆ. ವಿಭಜನೆ ನಡೆಯುವುದು ಗಾಯದಿಂದ ದೂರದಲ್ಲಿ, ಆಮೇಲೆ, ತೆಳುವಾದ ಪದರವನ್ನು ಮತ್ತೆ ದಪ್ಪ ಮಾಡಲು.

ಯಾವ ಕಡೆಗೆ ಹೋಗಬೇಕು ಅಂತ ಹೇಗೆ ಗೊತ್ತಾಗುತ್ತದೆ ಅನ್ನುವುದಕ್ಕೆ ಒಂದು ಉತ್ತರ ವಿದ್ಯುತ್ತು. ಇದನ್ನು ಹೇಳಿದರೆ ಕೆಲವರು ನನ್ನನ್ನು ಅನುಮಾನದಿಂದ ನೋಡುತ್ತಾರೆ. ಆದರೆ ಇದು ಹಳೆಯ ವಿಷಯ. 1843ರಲ್ಲೇ ಎಮಿಲ್ ದು ಬ್ವಾ-ರೇಮೋಂ ತಮ್ಮ ಬೆರಳಿನ ಗಾಯದಿಂದ ಹರಿಯುವ ಕರೆಂಟನ್ನು ಅಳೆದಿದ್ದರು. ಕಾರ್ನಿಯಾದ ಮೇಲ್ಪದರ ಅಯಾನುಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಪಂಪ್ ಮಾಡುತ್ತಲೇ ಇರುತ್ತದೆ, ಹಾಗಾಗಿ ಅದರ ಒಳಗೂ ಹೊರಗೂ ಕೆಲವು ಹತ್ತು ಮಿಲಿವೋಲ್ಟ್ ವ್ಯತ್ಯಾಸವಿರುತ್ತದೆ. ಎಲ್ಲಿ ಗಾಯವಾಯಿತೋ ಅಲ್ಲಿ ಆ ವ್ಯತ್ಯಾಸ ಸೋರಿಹೋಗುತ್ತದೆ. ಅಕ್ಕಪಕ್ಕದಲ್ಲಿ ಮಿಲಿಮೀಟರಿಗೆ ಸುಮಾರು 40 ಮಿಲಿವೋಲ್ಟಿನ ಇಳಿಜಾರು ಹುಟ್ಟುತ್ತದೆ, ಗಾಯದ ನಡುವೇ ಋಣಧ್ರುವ. ಕಾರ್ನಿಯಾದ ಕೋಶಗಳು ಋಣಧ್ರುವದ ಕಡೆಗೆ ನಡೆಯುತ್ತವೆ. ಮಿನ್ ಝಾವೊ ಮತ್ತು ಜೊತೆಗಾರರು 2006ರಲ್ಲಿ ತೋರಿಸಿದಂತೆ, ಹೊರಗಿನಿಂದ ಉಲ್ಟಾ ವಿದ್ಯುತ್ ಕೊಟ್ಟರೆ ಕೋಶಗಳು ಎದುರಿಗಿರುವ ಗಾಯವನ್ನು ಬಿಟ್ಟು ಹಿಂದಕ್ಕೆ ತಿರುಗಿ ನಡೆಯುತ್ತವೆ! ಆ ವೀಡಿಯೊ ನೋಡಿದರೆ ಪಾಪ ಅನ್ನಿಸುತ್ತದೆ. ಇದಕ್ಕೂ ಕೋಶದೊಳಗೆ ಬಳಕೆಯಾಗುವುದು ಆಗ ಹೇಳಿದೆನಲ್ಲ, ಎಕೆಟಿಗೆ ಹೋಗುವ ದಾರಿ, ಅದೇ ದಾರಿಯ ಪಿಐ3 ಕೈನೇಸ್ ಅನ್ನುವ ಕಿಣ್ವ.

ಇಷ್ಟು ಬರೆಯುವಾಗ ನನ್ನ ಗೆಳತಿಯ ಫೋನು ನೆನಪಾಯಿತು. ಅವಳ ಮಗುವಿನ ಉಗುರು ಅವಳ ಕಣ್ಣಿಗೆ ತಾಗಿತ್ತು. ಮಕ್ಕಳ ಉಗುರು ಎಷ್ಟು ಕತ್ತರಿಸಿದರೂ ಹರಿತವೇ. ಡಾಕ್ಟರು ಒಂದು ಹನಿ ಹಾಕಿದ ಕೂಡಲೇ ನೋವು ಮಾಯ. ಕಿತ್ತಳೆ ಬಣ್ಣದ ಫ್ಲೋರೆಸೀನ್ ತಾಗಿಸಿ, ನೀಲಿ ಬೆಳಕು ಬಿಟ್ಟು, ಹಸಿರಾಗಿ ಹೊಳೆದ ಗೀರನ್ನು ನೋಡಿ, ಬೇರೆ ಔಷಧ ಬರೆದು ಕಳಿಸಿದರು. ಮನೆಗೆ ಬರುವಷ್ಟರಲ್ಲಿ ಮತ್ತೆ ಅದೇ ಉರಿ.

"ಅಲ್ವೇ, ಮೊದಲು ಹಾಕಿದ ಹನಿಯನ್ನೇ ಒಂದು ಬಾಟ್ಲಿ ಕೊಡೋಕೆ ಅವರಿಗೇನು ಕಷ್ಟ? ಕೇಳಿದ್ದಕ್ಕೆ ಆಗಲ್ಲ ಅಂದುಬಿಟ್ರು. ಕಾರಣ ಬೇರೆ ಹೇಳಲಿಲ್ಲ ಕಣೇ."

ಕಾರಣ ಹೇಳದೆ ಕಳಿಸಿದ್ದಕ್ಕೆ ನನಗೂ ಸಿಟ್ಟು ಬಂತು. ಎರಡು ವಾಕ್ಯದ ಮಾತು ಅದು. ಆದರೆ ಕೊಡದೇ ಇದ್ದದ್ದು ಸರಿ. ಕಣ್ಣು ಮರಗಟ್ಟಿಸುವ ಹನಿ ಪರೀಕ್ಷೆಗೆ, ಆಪರೇಷನ್ನಿಗೆ ವರ. 1884ರಲ್ಲಿ ಕಾರ್ಲ್ ಕೋಲರ್ ಕೊಕೇನ್ ದ್ರಾವಣವನ್ನು ತನ್ನ ಕಣ್ಣಿಗೇ ಬಿಟ್ಟುಕೊಂಡು, ಗುಂಡುಸೂಜಿಯ ತಲೆಯಿಂದ ಕಾರ್ನಿಯಾ ಮುಟ್ಟಿ ನೋಡಿಕೊಂಡಾಗಿನಿಂದ ಕಣ್ಣಿನ ಶಸ್ತ್ರಚಿಕಿತ್ಸೆಯೇ ಬದಲಾಯಿತು. ಆದರೆ ಅದನ್ನೇ ದಿನಗಟ್ಟಲೆ ಹಾಕಿಕೊಂಡರೆ ಮೇಲ್ಪದರದ ಕೋಶಗಳ ನಡಿಗೆ ನಿಲ್ಲುತ್ತದೆ, ಕೋಶಗಳೇ ಸಾಯುತ್ತವೆ, ಗಾಯ ದೊಡ್ಡದಾಗುತ್ತದೆ. ನೋವಿಲ್ಲದ ಕಾರಣ ಹಾಕಿಕೊಂಡವರಿಗೆ ಗೊತ್ತೂ ಆಗುವುದಿಲ್ಲ. ಕೆಲವರು ಹಾಗೇ ಕಾರ್ನಿಯಾ ಕಳೆದುಕೊಂಡಿದ್ದಾರೆ.

ಇದರಲ್ಲಿ ನರಗಳ ಪಾತ್ರವೂ ಇದೆ. ಕಾರ್ನಿಯಾದಲ್ಲಿ ನರಗಳ ತುದಿಗಳು ಚರ್ಮಕ್ಕಿಂತ 300ರಿಂದ 600 ಪಟ್ಟು ದಟ್ಟ ಅಂತ ಅಂದಾಜು. ಧೂಳಿನ ಕಣಕ್ಕೆ ನಾವು ಕುಣಿಯುವುದು ಅದಕ್ಕೇ. ಆದರೆ ಆ ನರಗಳು ನೋವು ಹೇಳುವುದಕ್ಕಷ್ಟೇ ಇಲ್ಲ. ಅವು ಸಬ್‌ಸ್ಟೆನ್ಸ್ ಪಿ ಮುಂತಾದ ಸಣ್ಣ ಅಣುಗಳನ್ನು ಮೇಲ್ಪದರಕ್ಕೆ ಸುರಿಸುತ್ತಿರುತ್ತವೆ. ಸಬ್‌ಸ್ಟೆನ್ಸ್ ಪಿ ಒಂದೇ ಇದ್ದರೆ ಅಂಥ ಪರಿಣಾಮ ಕಾಣುವುದಿಲ್ಲ. ಐಜಿಎಫ್-1 ಅನ್ನುವ, ಇಜಿಎಫ್ ಅಲ್ಲದ ಇನ್ನೊಂದು ಬೆಳವಣಿಗೆಯ ಪ್ರೋಟೀನ್ ಜೊತೆಗಿದ್ದರೆ ಕೋಶಗಳ ನಡಿಗೆ ಚುರುಕಾಗುತ್ತದೆ. ಹರ್ಪಿಸ್ ಸೋಂಕಿನಿಂದಲೋ, ಮೆದುಳಿನ ಶಸ್ತ್ರಚಿಕಿತ್ಸೆಯಿಂದಲೋ, ಸಕ್ಕರೆ ಕಾಯಿಲೆಯಿಂದಲೋ ಈ ನರ ಸತ್ತುಹೋದವರ ಕಾರ್ನಿಯಾದಲ್ಲಿ, ಹೇಳಿಕೊಳ್ಳುವಂಥ ಗಾಯ ಆಗದೆಯೂ ಮೇಲ್ಪದರ ಕಿತ್ತುಬರುತ್ತದೆ. ನೋವೂ ಇಲ್ಲ, ಮಾಯುವುದೂ ಇಲ್ಲ. ಇದಕ್ಕೆ 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಸೆನೆಗರ್ಮಿನ್ ಅನ್ನುವ ಹನಿ ಇದೆ. ಅದರಲ್ಲಿರುವುದು ನರ ಬೆಳೆಸುವ ಪ್ರೋಟೀನ್. ಹೌದು, ಲೆವಿ-ಮೊಂಟಾಲ್ಚಿನಿ ಕಂಡುಹಿಡಿದದ್ದು, ಕೋಹೆನ್ ಇಲಿಯ ಗ್ರಂಥಿಯಲ್ಲಿ ಹುಡುಕುತ್ತಿದ್ದದ್ದು. ಒಂದೇ ಹುಡುಕಾಟದಿಂದ ಹೊರಟ ಎರಡು ಪ್ರೋಟೀನುಗಳೂ ಕೊನೆಗೆ ಕಾರ್ನಿಯಾಕ್ಕೇ ಬಂದವು.

ಈಗ ನಿಜವಾಗಿ ನಾನು ಹೇಳಬೇಕಾದ ಮಾತಿಗೆ ಬರುತ್ತೇನೆ. "ಈ ಹನಿ ಹಾಕಿದರೆ ಗಾಯ ಇಷ್ಟು ಪಟ್ಟು ಬೇಗ ಮುಚ್ಚುತ್ತದೆ" ಅನ್ನುವ ಪೇಪರುಗಳು ನನ್ನ ಮೇಜಿಗೆ ತುಂಬಾ ಬರುತ್ತವೆ. ಬಹುತೇಕ ನನ್ನ ಥರದ್ದೇ ತಟ್ಟೆ, ನನ್ನ ಥರದ್ದೇ ಗೀರು. ಆ ತಟ್ಟೆಯಲ್ಲಿ ನರವಿಲ್ಲ, ಕಣ್ಣೀರಿಲ್ಲ, ರೆಪ್ಪೆಯಿಲ್ಲ. ಮುಖ್ಯವಾಗಿ, ಕೆಳಗೆ ಏನೂ ಇಲ್ಲ, ಬರೀ ಪ್ಲಾಸ್ಟಿಕ್. ಬೇಗ ಮುಚ್ಚುವುದೇ ದೊಡ್ಡದು ಅಂತ ಅನ್ನಿಸುವುದು ಅದಕ್ಕೇ. ಚರ್ಮಕ್ಕೂ ಕಾರ್ನಿಯಾಕ್ಕೂ ಇರುವ ದೊಡ್ಡ ವ್ಯತ್ಯಾಸ ಅಂದರೆ, ಚರ್ಮದಲ್ಲಿ ಕಲೆ ಉಳಿದರೆ ಉಳಿಯಲಿ ಬಿಡು ಅನ್ನಬಹುದು. ಕಾರ್ನಿಯಾದ ನಡುವೆ ಕಲೆ ಉಳಿದರೆ ನೋಟವೇ ಹೋಯಿತು.

ಮೇಲ್ಪದರದ ಕೆಳಗೆ ಸ್ಟ್ರೋಮಾ ಇದೆ. ಕಾರ್ನಿಯಾದ ಅರ್ಧ ಮಿಲಿಮೀಟರ್ ದಪ್ಪದಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಅದೇ. ಕೊಲಾಜೆನ್ ಎಳೆಗಳು ಒಂದೇ ದಪ್ಪ, ಒಂದೇ ಅಂತರದಲ್ಲಿ ಜೋಡಿಸಿಕೊಂಡು ಪದರಪದರವಾಗಿ ಕೂತಿರುತ್ತವೆ. ಆ ಶಿಸ್ತಿನ ಜೋಡಣೆಯಿಂದಲೇ ಬೆಳಕು ಚದುರದೆ ಹಾಯುತ್ತದೆ ಅಂತ ಡೇವಿಡ್ ಮಾರಿಸ್ 1957ರಲ್ಲಿ ವಿವರಿಸಿದರು. ಅದನ್ನು ನೋಡಿಕೊಳ್ಳುವ ಕೆರಾಟೋಸೈಟ್ ಅನ್ನುವ ಕೋಶಗಳು ಅಲ್ಲಲ್ಲಿ ತೆಪ್ಪಗೆ ಚಾಚಿಕೊಂಡಿರುತ್ತವೆ. ಅವೂ ಪಾರದರ್ಶಕವೇ.

ಮೇಲೆ ಗೀರು ಬಿದ್ದರೆ, ಮುಟ್ಟದೇ ಇದ್ದ ಈ ಕೆಳಗಿನ ಕೋಶಗಳು ಕೆಲವೇ ಗಂಟೆಗಳಲ್ಲಿ ಸಾಯುತ್ತವೆ. ಗಾಯದ ಕೆಳಗೆ ಕೋಶಗಳೇ ಇಲ್ಲದ ಒಂದು ಪಟ್ಟಿ ಉಂಟಾಗುತ್ತದೆ. 1968ರಲ್ಲೇ ಕ್ಲಾಸ್ ಡೋಲ್ಮನ್ ಮತ್ತು ಜೊತೆಯವರು ಇದನ್ನು ಗಮನಿಸಿದ್ದರು. ಗಾಳಿಗೆ ಒಣಗಿ ಸತ್ತವೇನೋ ಅನ್ನುವ ಅನುಮಾನವೂ ಇತ್ತು. 1990ರ ದಶಕದಲ್ಲಿ ಸ್ಟೀವನ್ ವಿಲ್ಸನ್ ಅವರ ತಂಡ ಅದು ಆತ್ಮಹತ್ಯೆ ಅಂತ ತೋರಿಸಿತು, ಕೋಶಗಳು ತಾವಾಗಿಯೇ ಸಾಯುವ ಅಪೊಪ್ಟೋಸಿಸ್. ಮೇಲ್ಪದರದ ಒಡೆದ ಕೋಶಗಳಿಂದ ಸೋರಿದ ಐಎಲ್-1 ಅನ್ನುವ ಪ್ರೋಟೀನ್ ಕೆಳಗೆ ಇಳಿದು ಅದನ್ನು ಶುರು ಮಾಡುತ್ತದೆ. ಯಾಕೆ ಸಾಯಬೇಕು? ವೈರಸ್ ಬಂದಿದ್ದರೆ ಅದಕ್ಕೆ ಮುಂದೆ ಹಬ್ಬಲು ಕೋಶ ಸಿಗದ ಹಾಗೆ ದಾರಿ ಬರಿದು ಮಾಡುವ ತಂತ್ರ ಇದು ಅಂತ ಒಂದು ವಾದ. ನನಗೆ ಆ ವಾದ ಒಪ್ಪಿಗೆ.

ಇಷ್ಟಕ್ಕೇ ನಿಂತರೆ ತೊಂದರೆಯಿಲ್ಲ. ಅಕ್ಕಪಕ್ಕದ ಕೆರಾಟೋಸೈಟ್‌ಗಳು ವಿಭಜಿಸಿ ಖಾಲಿ ಜಾಗಕ್ಕೆ ಬರುತ್ತವೆ. ಬರುತ್ತಾ ಅವು ಎಚ್‌ಜಿಎಫ್, ಕೆಜಿಎಫ್ ಅನ್ನುವ ಅಣುಗಳನ್ನು ಮೇಲಕ್ಕೆ ಕಳಿಸಿ, ಮೇಲ್ಪದರ ಬೆಳೆಯಲು ನೆರವಾಗುತ್ತವೆ. ಮಾತುಕತೆ ಎರಡೂ ಕಡೆಯಿಂದ ನಡೆಯುತ್ತದೆ. ಕೆಡುವುದು ಇನ್ನೊಂದು ಸುದ್ದಿ ಕೆಳಗಿಳಿದಾಗ: ಟಿಜಿಎಫ್-ಬೀಟಾ ಅನ್ನುವ ಪ್ರೋಟೀನ್. ಮೇಲ್ಪದರದಲ್ಲೂ ಕಣ್ಣೀರಿನಲ್ಲೂ ಅದು ಬೇಕಾದಷ್ಟಿದೆ. ಪಿಡಿಜಿಎಫ್ ಅನ್ನುವ ಮತ್ತೊಂದರ ಜೊತೆ ಅದು ಸ್ಟ್ರೋಮಾಕ್ಕೆ ಇಳಿದು ದಿನಗಟ್ಟಲೆ ಸಿಗುತ್ತಲೇ ಇದ್ದರೆ, ಅಲ್ಲಿನ ಕೋಶಗಳು ಮಯೋಫೈಬ್ರೋಬ್ಲಾಸ್ಟ್ ಆಗಿಬಿಡುತ್ತವೆ. ಸ್ನಾಯುವಿನಂತೆ ಸೆಟೆದುಕೊಳ್ಳುವ ಎಳೆಗಳು ಒಳಗೆ, ಅಡ್ಡಾದಿಡ್ಡಿ ಕೊಲಾಜೆನ್ ಹೊರಗೆ. ಪಾರದರ್ಶಕವಾಗಿದ್ದ ಕೋಶ ಈಗ ಅಪಾರದರ್ಶಕ. ಕಾರ್ನಿಯಾದ ಮೇಲೆ ಬಿಳಿ ಮಬ್ಬು.

ಈ ಟಿಜಿಎಫ್-ಬೀಟಾವನ್ನು ತಡೆದು ನಿಲ್ಲಿಸುವುದು, ಮೇಲ್ಪದರದ ಕೆಳಗಿದೆ ಅಂತ ಆಗ ಹೇಳಿದೆನಲ್ಲ, ಆ ತಳಪೊರೆ. ಒಂದು ಮೈಕ್ರಾನಿಗಿಂತ ತೆಳ್ಳಗಿನ, ಕೋಶವೂ ಅಲ್ಲದ, ಸುಮ್ನೆ ಹಾಸಿದ ಪ್ರೋಟೀನುಗಳ ಹೆಣಿಗೆ. ಅದು ಉಳಿದಿದ್ದರೆ ಮೇಲಿನ ಟಿಜಿಎಫ್-ಬೀಟಾ ಮೇಲೇ ಇರುತ್ತದೆ. ಉಗುರಿನ ಗೀರು ಸಾಮಾನ್ಯವಾಗಿ ಕಲೆ ಬಿಡದೆ ಮಾಯುವುದಕ್ಕೆ, ಅಷ್ಟೇ ಅಗಲದ ಆಳದ ಹುಣ್ಣು ಬಿಳಿಯಾಗುವುದಕ್ಕೆ ಇದೇ ಕಾರಣ. ತಳಪೊರೆ ಹೋಗಿದ್ದರೂ ಬೇಗ ಹೊಸದು ಕಟ್ಟಿಕೊಂಡರೆ ಸರಿಹೋಗುತ್ತದೆ. ಆಗ ಕೆಳಗಿನ ಮಯೋಫೈಬ್ರೋಬ್ಲಾಸ್ಟ್‌ಗಳಿಗೆ ಟಿಜಿಎಫ್-ಬೀಟಾ ಸಿಗದೆ ಅವು ಸಾಯುತ್ತವೆ, ಕೆರಾಟೋಸೈಟ್‌ಗಳು ಮರಳಿ ಬಂದು ಅಡ್ಡಾದಿಡ್ಡಿ ಕೊಲಾಜೆನನ್ನು ತೆಗೆದು ನೇರ ಮಾಡುತ್ತವೆ. ತಿಂಗಳುಗಟ್ಟಲೆ ಹಿಡಿಯುವ ಕೆಲಸ ಅದು, ಆದರೂ ಆಗುತ್ತದೆ.

ಕನ್ನಡಕ ಬೇಡ ಅಂತ ಲೇಸರ್ ಮಾಡಿಸಿಕೊಳ್ಳುವವರಲ್ಲಿ ಇದು ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. ಪಿಆರ್‌ಕೆ ವಿಧಾನದಲ್ಲಿ ಮೇಲ್ಪದರ ತೆಗೆದು, ತಳಪೊರೆ ಸಮೇತ ಸ್ಟ್ರೋಮಾದ ಮೇಲ್ಭಾಗವನ್ನು ಲೇಸರ್ ಸವೆಸುತ್ತದೆ. ಕನ್ನಡಕದ ಪವರ್ ಜಾಸ್ತಿ ಇದ್ದು ಆಳವಾಗಿ ಸವೆಸಿಕೊಂಡವರಲ್ಲಿ ಕೆಲವರಿಗೆ ತಿಂಗಳುಗಳ ನಂತರ ಮಬ್ಬು ಬರುತ್ತಿತ್ತು. ಅದಕ್ಕೆ ಲೇಸರ್ ಮುಗಿದ ಕೂಡಲೇ ಕೆಲವು ಸೆಕೆಂಡು 0.02 ಶೇಕಡಾ ಮೈಟೋಮೈಸಿನ್ ಸಿ ಅದ್ದಿದ ಸ್ಪಾಂಜನ್ನು ಇಟ್ಟು ತೊಳೆಯುತ್ತಾರೆ. ನಾನು ತಟ್ಟೆಗೆ ಹಾಕುವುದೂ ಅದೇ ಔಷಧ. ನಾನು ಮೇಲ್ಪದರದ ವಿಭಜನೆ ನಿಲ್ಲಿಸಲು ಹಾಕುತ್ತೇನೆ, ಸರ್ಜನ್ನರು ಮಯೋಫೈಬ್ರೋಬ್ಲಾಸ್ಟ್ ಆಗಲಿರುವ ಕೋಶಗಳನ್ನು ನಿಲ್ಲಿಸಲು. ಇನ್ನೊಂದು ಲೇಸರ್ ವಿಧಾನವಾದ ಲಾಸಿಕ್‌ನಲ್ಲಿ ಮೇಲ್ಪದರ ಮತ್ತು ತಳಪೊರೆ ಒಂದು ಮುಚ್ಚಳದಲ್ಲಿ ಹಾಗೇ ಉಳಿಯುವುದರಿಂದ ನಡುವೆ ಮಬ್ಬು ಬರುವುದು ಅಪರೂಪ.

ಇನ್ನೊಂದು ಮುಟ್ಟಬಾರದ ಸುದ್ದಿ ರಕ್ತನಾಳ ಬೆಳೆಸುವ ವಿಇಜಿಎಫ್. ಗಾಯವಾದಾಗ ಅದೂ ಹುಟ್ಟುತ್ತದೆ. ಆದರೆ ಕಾರ್ನಿಯಾ ಅದನ್ನು ದಾರಿಯಲ್ಲೇ ಹಿಡಿದಿಡುವ ಒಂದು ಗ್ರಾಹಕವನ್ನು ಕರಗುವ ರೂಪದಲ್ಲಿ ಸುರಿದುಕೊಂಡಿರುತ್ತದೆ. ಯಾವ ಕೋಶಕ್ಕೂ ಅಂಟಿರದ ಗ್ರಾಹಕ, ಸುದ್ದಿಯನ್ನು ನುಂಗುವುದೇ ಅದರ ಕೆಲಸ. ಜಯಕೃಷ್ಣ ಅಂಬಾಟಿ ಅವರ ತಂಡ 2006ರಲ್ಲಿ ಇದನ್ನು ಪ್ರಕಟಿಸಿತು. ಅದರಲ್ಲಿ ನನಗೆ ಇಷ್ಟವಾದದ್ದು ಮ್ಯಾನಟಿ. ನೀರಿನಲ್ಲಿ ಬದುಕುವ ಈ ದೊಡ್ಡ ಸಸ್ತನಿಯ ಕಾರ್ನಿಯಾದಲ್ಲಿ ರಕ್ತನಾಳಗಳಿವೆ. ಹುಡುಕಿ ನೋಡಿದರೆ ಆ ಕರಗುವ ಗ್ರಾಹಕ ಅದರಲ್ಲಿ ಇಲ್ಲ! ಅದರ ಬಂಧು ಡುಗಾಂಗ್‌ನಲ್ಲಿ ಇದೆ, ಅದರ ಕಾರ್ನಿಯಾ ತಿಳಿಯಾಗಿದೆ.

ಕಾಂಡಕೋಶಗಳ ಬಗ್ಗೆ ಬರೆಯಲೇ ಇಲ್ಲ ಅಂತ ಯಾರಾದರೂ ಕೇಳಬಹುದು. ಅದು ಬೇರೆಯೇ ಒಂದು ಬರಹಕ್ಕೆ ಆಗುವಷ್ಟಿದೆ. ಕಪ್ಪು ಬಿಳಿ ಸೇರುವ ಅಂಚಿನಲ್ಲಿ, ಲಿಂಬಸ್‌ನಲ್ಲಿ, ಅವು ಇರುತ್ತವೆ. ಅಲ್ಲಿಂದ ಹುಟ್ಟಿದ ಕೋಶಗಳು ನಡುವಿನ ಕಡೆಗೆ ಸರಿಯುತ್ತವೆ. ಅಂಚಿನ ಬಣ್ಣದ ಗೆರೆಗಳು ಗಾಯದ ಕಡೆಗೆ ಜಾರಿ ಬರುವುದನ್ನು ನೋಡಿ ದವಾಂಗರ್ ಮತ್ತು ಎವೆನ್ಸೆನ್ 1971ರಲ್ಲೇ ಇದನ್ನು ಊಹಿಸಿದ್ದರು. ರಾಸಾಯನಿಕ ಬಿದ್ದು ಆ ಅಂಚೇ ಸುಟ್ಟುಹೋದವರಿಗೆ, ಚೆನ್ನಾಗಿರುವ ಇನ್ನೊಂದು ಕಣ್ಣಿನ ಅಂಚಿನಿಂದ ಚೂರು ತೆಗೆದು, ಸಣ್ಣ ಸಣ್ಣ ತುಣುಕು ಮಾಡಿ, ಆಮ್ನಿಯಾಟಿಕ್ ಪೊರೆಯ (ಗರ್ಭದಲ್ಲಿ ಮಗುವನ್ನು ಸುತ್ತಿರುವ ಪೊರೆ) ಮೇಲೆ ಅಂಟಿಸುವ ಸರಳ ವಿಧಾನವನ್ನು ವೀರೇಂದರ್ ಸಂಗ್ವಾನ್ ಮತ್ತು ಜೊತೆಗಾರರು 2012ರಲ್ಲಿ ವಿವರಿಸಿದರು. ಕೋಶ ಬೆಳೆಸುವ ಪ್ರಯೋಗಾಲಯವೇ ಬೇಕಿಲ್ಲ, ಕಣ್ಣೇ ಬೆಳೆಸಿಕೊಳ್ಳುತ್ತದೆ. ನಮ್ಮಂಥವರ ಕೆಲಸಕ್ಕೇ ಕುತ್ತು ಅನ್ನಿ!

ಮುಚ್ಚಿದ ಮೇಲೆ ಏನು ಅನ್ನುವುದನ್ನು ಜನ ಕೇಳುವುದು ಕಡಿಮೆ. ಫ್ಲೋರೆಸೀನ್ ಹಾಕಿದಾಗ ಹಸಿರು ಕಾಣಲಿಲ್ಲ ಅಂದರೆ ಮೇಲ್ಪದರ ಮುಚ್ಚಿದೆ ಅಂತ ಅರ್ಥ. ಅಂಟಿದೆ ಅಂತ ಅಲ್ಲ. ನಡೆಯುವುದಕ್ಕಾಗಿ ಕಳಚಿದ ಹೆಮಿಡೆಸ್ಮೋಸೋಮ್‌ಗಳು ಮತ್ತೆ ಕಟ್ಟಿಕೊಳ್ಳಬೇಕು. ತಳಪೊರೆ ಹಾಗೇ ಉಳಿದಿದ್ದರೆ ಕೆಲವೇ ದಿನಗಳ ಕೆಲಸ. ಅದೂ ಹೋಗಿದ್ದರೆ 6ರಿಂದ 8 ವಾರ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ. ಅಲ್ಲಿಯತನಕ ಅದು ಹೊಲಿಗೆ ಹಾಕುವ ಮುಂಚೆ ಗುಂಡುಸೂಜಿ ಚುಚ್ಚಿ ನಿಲ್ಲಿಸಿದ ಬಟ್ಟೆ. ನೋಡಲು ಅಂಗಿಯೇ, ಎಳೆದರೆ ಬಿಚ್ಚಿಕೊಳ್ಳುತ್ತದೆ.

ಎಳೆಯುವುದು ಯಾರು ಅಂದರೆ ರೆಪ್ಪೆ. ರಾತ್ರಿ ನಿದ್ದೆಯಲ್ಲಿ ಕಣ್ಣೀರು ಕಡಿಮೆಯಾಗಿ ರೆಪ್ಪೆಯ ಒಳಮೈ ಕಾರ್ನಿಯಾಕ್ಕೆ ಅಂಟಿಕೊಳ್ಳುತ್ತದೆ. ಬೆಳಿಗ್ಗೆ ತಟ್ಟನೆ ಕಣ್ಣು ಬಿಟ್ಟರೆ ಸಡಿಲವಾಗಿದ್ದ ತೇಪೆ ಕಿತ್ತುಬರುತ್ತದೆ. ಗಾಯ ಮಾಯಿತು ಅಂತ ಮರೆತೇ ಹೋಗಿದ್ದ ಮನುಷ್ಯ, ಮುಂಜಾನೆ ಕಣ್ಣಿಗೆ ಚಾಕು ಹಾಕಿದಂಥ ನೋವಿಗೆ ಎದ್ದು ಕೂರುತ್ತಾನೆ. ಉಗುರು, ಕಾಗದದ ಅಂಚು, ಗಿಡದ ಎಲೆ, ಇಂಥವುಗಳ ಗೀರಿನ ನಂತರ ಇದು ಜಾಸ್ತಿ. ಮತ್ತೆ ಮತ್ತೆ ಹೀಗಾಗುವವರಲ್ಲಿ ಎಮ್‌ಎಮ್‌ಪಿ ಅನ್ನುವ, ಕೊಂಡಿಗಳನ್ನೂ ತಳಪೊರೆಯನ್ನೂ ಕತ್ತರಿಸುವ ಕಿಣ್ವಗಳು ಜಾಸ್ತಿ ಇರುತ್ತವೆ. ಹಳೆಯ ಆಂಟಿಬಯಾಟಿಕ್ ಡಾಕ್ಸಿಸೈಕ್ಲಿನ್ ಆ ಕಿಣ್ವಗಳನ್ನು ತಡೆಯುತ್ತದೆ, ಹಾಗಾಗಿ ಸೋಂಕೇ ಇಲ್ಲದಿದ್ದರೂ ಕೆಲವರಿಗೆ ಅದನ್ನು ಬರೆಯುತ್ತಾರೆ.

ಗೆಳತಿ ಐದಾರು ದಿನ ಬಿಟ್ಟು ಮತ್ತೆ ಫೋನ್ ಮಾಡಿದಳು. ನೋವು ಹೋಗಿತ್ತು, ಹಸಿರೂ ಕಾಣಲಿಲ್ಲವಂತೆ. ಆದರೂ ರಾತ್ರಿ ಹಾಕುವ ಆಯಿಂಟ್‌ಮೆಂಟನ್ನು ಇನ್ನೂ ಕೆಲವು ವಾರ ಮುಂದುವರಿಸಲು ಹೇಳಿದ್ದರು. ಅದಕ್ಕೂ ಕಾರಣ ಹೇಳಿರಲಿಲ್ಲ. "ಕಣ್ಣೆಲ್ಲ ಜಿಡ್ಡು ಜಿಡ್ಡು, ಮಗು ಎದ್ದರೆ ಬಾಟ್ಲಿನೂ ಕಾಣಲ್ಲ, ನಿಲ್ಲಿಸಲಾ?" ಅಂದಳು. ನಿಲ್ಲಿಸಬೇಡ, ರೆಪ್ಪೆ ಅಂಟದ ಹಾಗೆ ನೋಡಿಕೊಳ್ಳುವುದೇ ಆ ಜಿಡ್ಡಿನ ಕೆಲಸ ಅಂದೆ. ಬೆಳಿಗ್ಗೆ ಎಚ್ಚರವಾದ ಕೂಡಲೇ ಕಣ್ಣು ಬಿಡದೆ, ಮುಚ್ಚಿದ ರೆಪ್ಪೆಯೊಳಗೇ ಗುಡ್ಡೆಯನ್ನು ನಿಧಾನವಾಗಿ ಅತ್ತಿತ್ತ ಆಡಿಸಿ ಆಮೇಲೆ ಬಿಡು ಅಂತಲೂ ಹೇಳಿದೆ. ಮಗು ಅತ್ತರೆ ಅಷ್ಟು ಹೊತ್ತು ಯಾರು ಕಾಯುತ್ತಾರೆ ಅಂತ ಬೈದುಕೊಂಡೇ ಫೋನಿಟ್ಟಳು.